ಮೊದಲ ಕ್ರಿಸ್‌ಮಸ್ ಕಾರ್ಡ್‌ನಲ್ಲಿದ್ದ ಖಾಲಿ ಜಾಗ

ಡಿಸೆಂಬರ್ ಬಂತು ಅಂದ್ರೆ ಆಫೀಸ್ ಮೇಲ್‌ನಲ್ಲಿ, ವಾಟ್ಸಾಪ್‌ನಲ್ಲಿ ಕ್ರಿಸ್‌ಮಸ್ ಶುಭಾಶಯಗಳ ಸುರಿಮಳೆ. ಇವೆಲ್ಲದರ ಮುತ್ತಜ್ಜ ಅಂದ್ರೆ ಕ್ರಿಸ್‌ಮಸ್ ಕಾರ್ಡ್. ಅದು ಹುಟ್ಟಿದ್ದು ಹೇಗೆ ಗೊತ್ತಾ? ಒಬ್ಬ ಮನುಷ್ಯನಿಗೆ ಪತ್ರ ಬರೆಯೋಕೆ ಟೈಮ್ ಇರಲಿಲ್ಲ, ಅದಕ್ಕೆ!

ಬ್ರಿಟನ್‌ನಲ್ಲಿ ಮೊದಲೆಲ್ಲ ಅಂಚೆ ದುಬಾರಿ. ಸಾಮಾನ್ಯವಾಗಿ ಪತ್ರ ಪಡೆದವರೇ ದುಡ್ಡು ಕೊಡಬೇಕಿತ್ತು. 1840ರಲ್ಲಿ ಪೆನ್ನಿ ಪೋಸ್ಟ್ ಬಂತು. ಅರ್ಧ ಔನ್ಸ್ ತೂಕದ ಪತ್ರ ದೇಶದ ಯಾವ ಮೂಲೆಗಾದ್ರೂ ಒಂದೇ ಪೆನ್ನಿ. ಈ ಸುಧಾರಣೆಗೆ ದುಡಿದವರಲ್ಲಿ ಹೆನ್ರಿ ಕೋಲ್ ಕೂಡ ಒಬ್ಬರು. ಅಂಚೆ ಅಗ್ಗವಾಯ್ತು, ಪತ್ರಗಳು ಹೆಚ್ಚಾದವು. 1843ರ ಕ್ರಿಸ್‌ಮಸ್ ಹೊತ್ತಿಗೆ ಕೋಲ್ ಅವರ ಮೇಜಿನ ಮೇಲೇ ಪತ್ರಗಳ ರಾಶಿ! ಉತ್ತರ ಬರೆಯದಿದ್ರೆ ಮರ್ಯಾದೆ ಅಲ್ಲ, ಬರೆಯೋಕೆ ಪುರುಸೊತ್ತಿಲ್ಲ. ನಮ್ಮ ಭಾಷೇಲಿ ಇದು ಪಕ್ಕಾ ಸ್ಕೇಲಿಂಗ್ ಪ್ರಾಬ್ಲಮ್.

ಅವರು ಚಿತ್ರಕಾರ ಗೆಳೆಯ ಜಾನ್ ಕಾಲ್‌ಕಾಟ್ ಹಾರ್ಸ್ಲಿ ಅವರಿಂದ ಒಂದು ಕಾರ್ಡ್ ಬರೆಸಿದರು. ನಡುವೆ ಹಬ್ಬದೂಟಕ್ಕೆ ಕೂತ ಕುಟುಂಬ; ಅಕ್ಕಪಕ್ಕದಲ್ಲಿ ಬಡವರಿಗೆ ಅನ್ನ, ಬಟ್ಟೆ ಕೊಡುವ ಚಿತ್ರಗಳು. ಸುಮಾರು 1000 ಪ್ರತಿ ಅಚ್ಚಾಗಿ, ಕೈಯಲ್ಲೇ ಬಣ್ಣ ತುಂಬಿಸಿದ್ದಾಯ್ತು. ಮಿಕ್ಕಿದ್ದನ್ನ ಒಂದು ಶಿಲ್ಲಿಂಗ್‌ಗೆ ಮಾರಿದರು. ಅಂದ್ರೆ 12 ಪೆನ್ನಿ, ಅಂಚೆ ಖರ್ಚಿನ ಹನ್ನೆರಡು ಪಟ್ಟು! ಚಿತ್ರದಲ್ಲಿ ಮಗುವಿಗೂ ವೈನ್ ಕುಡಿಸ್ತಿದ್ದಾರೆ ಅಂತ ಪಾನವಿರೋಧಿಗಳು ಗಲಾಟೆ ಮಾಡಿದ್ದೂ ಉಂಟು.

ಆದ್ರೆ ನನಗೆ ಮುಖ್ಯ ಅನಿಸಿದ್ದು ಬೇರೆ. ಆ ಕಾರ್ಡ್‌ನಲ್ಲಿ ಎರಡು ಕಡೆ ಖಾಲಿ ಜಾಗ ಇದೆ: ಯಾರಿಗೆ, ಯಾರಿಂದ. ಅಲ್ಲಿ ಪೆನ್ನು ಹಿಡಿದು ಹೆಸರು ಬರೆಯಲೇಬೇಕು. ಬರೆಯುವಾಗ ಒಂದು ಕ್ಷಣವಾದ್ರೂ ಆ ಮುಖ ನೆನಪಾಗುತ್ತೆ, ಅಲ್ವಾ?

ಹೋದ ವರ್ಷ ಪುಣೆಯಲ್ಲಿ ಕೂತು ನಾನೊಂದು ಸ್ಕ್ರಿಪ್ಟ್ ಬರೆದೆ. ಒಂದೇ ಕ್ಲಿಕ್, ಕಾಂಟ್ಯಾಕ್ಟ್‌ನಲ್ಲಿದ್ದ ಎಲ್ಲರಿಗೂ ಹೆಸರು ಸಮೇತ 'ಹ್ಯಾಪಿ ಕ್ರಿಸ್‌ಮಸ್'. ಹೆಮ್ಮೆಯೋ ಹೆಮ್ಮೆ! ಸ್ವಲ್ಪ ಹೊತ್ತಿಗೆ ಹಳೇ ಟೀಮ್‌ನ ಗೆಳೆಯನೊಬ್ಬನಿಂದ ಉತ್ತರ ಬಂತು: "ಥ್ಯಾಂಕ್ಸ್ ಕಣೋ. ಅಪ್ಪ ಹೋಗಿ ಹತ್ತು ದಿನ ಆಯ್ತು." ಸುದ್ದಿ ನಮ್ಮ ಗ್ರೂಪ್‌ನಲ್ಲಿ ಬಂದಿತ್ತು. ನಾನೂ ನೋಡಿದ್ದೆ. ಅವನ ಹೆಸರು ತುಂಬಿದ್ದು ಸ್ಕ್ರಿಪ್ಟ್, ನಾನಲ್ಲ.

ಕೋಲ್ ಕೂಡ ಟೈಮ್ ಉಳಿಸಿದರು, ತಪ್ಪೇನಿಲ್ಲ. ಆದ್ರೆ ಹೆಸರು ಬರೆಯೋ ಅಷ್ಟು ಕೆಲಸವನ್ನ ಕೈಗೇ ಬಿಟ್ಟಿದ್ದರು. ಈ ವರ್ಷ ನಾನು ಹತ್ತೇ ಜನಕ್ಕೆ ಕಳಿಸ್ತೀನಿ, ಒಬ್ಬೊಬ್ಬರ ಹೆಸರನ್ನೂ ನಾನೇ ಟೈಪ್ ಮಾಡಿ. ಮೊದಲು ಅವನಿಗೆ ಫೋನ್ ಮಾಡ್ತೀನಿ.