ಪೋಡೂ ನಮ್ಮದು, ಪಂಚಾಯಿತಿಯೂ ನಮ್ಮದು



ಹಗಲೆಲ್ಲಾ ದುಡಿದು ದಣಿದು ಬಂದಿದ್ದೀರಿ. ಹೆಚ್ಚು ಹೊತ್ತು ಮಾತಾಡೋದಿಲ್ಲ. ಒಂದು ನೀರಿನ ಸಂಗತಿ ಹೇಳ್ತೀನಿ. ಇದು ಕಟ್ಟುಕಥೆ ಅಲ್ಲ. ನಾನು ಕಂಡದ್ದು.

ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಒಂದು ಪೋಡು. ಅಲ್ಲಿಗೆ ಅಕ್ಷರ ಕಲಿಸಲು ಹೋಗುತ್ತಿದ್ದೆ. ಬೇಸಿಗೆ ಬಂತು ಅಂದರೆ ಹೆಂಗಸರು ಬಿಂದಿಗೆ ಹೊತ್ತು ಹಳ್ಳಕ್ಕೆ ಇಳಿಯಬೇಕು. ಅದು ಆನೆ ಓಡಾಡುವ ದಾರಿ. 'ನೀರು ಕೊಡಿ' ಅಂತ ಪೋಡಿನವರು ಕೇಳಿದರು. 'ಅದು ಕಾಡಿನ ಜಾಗ, ನಮ್ಮ ಕೈಲಿಲ್ಲ' ಅಂತ ಪಂಚಾಯಿತಿಯವರು ಹೇಳಿದರು. ಹೀಗೇ ವರ್ಷಗಳು ಕಳೆದವು.

ನಿಜವಾಗಿ ದಾರಿ ಇತ್ತು. 2006ರ ಅರಣ್ಯ ಹಕ್ಕು ಕಾಯಿದೆ ಗೊತ್ತಲ್ಲ? ಅದರಲ್ಲಿ ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ ಇಂಥವಕ್ಕೆ ಕಾಡಿನ ಜಾಗ ಕೊಡಬಹುದು. ಒಂದೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ. ಅಂದರೆ ಸುಮಾರು ಎರಡೂವರೆ ಎಕರೆ. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ. ಆದರೆ ಇದಕ್ಕೆ ಗ್ರಾಮಸಭೆಯ ಠರಾವು ಬೇಕೇ ಬೇಕು. ಕೆಲಸ ಮಾಡಿಸುವವರು ಅರ್ಜಿ ಹಾಕಬೇಕು. ಅರಣ್ಯ ಇಲಾಖೆ ನೋಡಿ ಒಪ್ಪಬೇಕು. ಪೋಡು ಒಂದರಿಂದಲೇ ಆಗದು. ಪಂಚಾಯಿತಿ ಒಂದರಿಂದಲೂ ಆಗದು.

ಸರಿ, ಸಭೆ ಗೊತ್ತಾಯಿತು. ಹೊತ್ತು ಇಟ್ಟವನು ನಾನು. ಪಂಚಾಯಿತಿ ಕಟ್ಟಡದಲ್ಲಿ, ಬೆಳಿಗ್ಗೆ 11 ಗಂಟೆಗೆ. ಅದು ಕಾಫಿ ಹಣ್ಣು ಕೀಳುವ ಕಾಲ. ಕೂಲಿ ಬಿಟ್ಟು ಯಾರು ಬರ್ತಾರೆ? ಒಬ್ಬರೂ ಬರಲಿಲ್ಲ. 'ಅವರಿಗೇ ಬೇಡ' ಅಂದರು ಅಲ್ಲಿ. 'ನಾವಿಲ್ಲದ ಹೊತ್ತು ನೋಡಿ ಕರೆದರು' ಅಂದರು ಇಲ್ಲಿ. ತಪ್ಪು ನನ್ನದು. ಯಾರನ್ನೂ ಕೇಳದೆ ಹೊತ್ತು ಇಟ್ಟಿದ್ದೆ. ಯಜಮಾನರ ಮುಂದೆ ಒಪ್ಪಿಕೊಂಡೆ. ಅವರು ನಕ್ಕರು. 'ಮೇಷ್ಟ್ರೇ, ಕೂಲಿ ಇಲ್ಲದ ದಿನ ಅವರನ್ನ ಇಲ್ಲಿಗೇ ಕರ್ಕೊಂಡು ಬನ್ನಿ' ಅಂದರು.

ಹಾಗೇ ಮಾಡಿದೆವು. ಪಂಚಾಯಿತಿ ಸದಸ್ಯರು ಪೋಡಿಗೆ ಬಂದರು. ಚಾಪೆ ಮೇಲೆ ಎಲ್ಲರೂ ಒಟ್ಟಿಗೆ ಕೂತರು. ಅರಣ್ಯ ಹಕ್ಕಿನ ಗ್ರಾಮಸಭೆಗೆ ಅರ್ಧದಷ್ಟು ಜನ ಇರಬೇಕು. ಬಂದವರಲ್ಲಿ ಮೂರರಲ್ಲಿ ಒಬ್ಬರಾದರೂ ಹೆಂಗಸರಿರಬೇಕು. ಅವತ್ತು ಹೆಂಗಸರೇ ಹೆಚ್ಚಿದ್ದರು. ನೀರು ಹೊರುವವರು ಅವರೇ ತಾನೆ?

ಒಬ್ಬ ಅಜ್ಜಿ ಎದ್ದು ನಿಂತರು. 'ಹಿಂದೆ ಬಿಳಿ ಹಾಳೆ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಏನು ಬರೆದುಕೊಂಡರೋ ಕಾಣೆ. ಈಗ ಓದಿ ಹೇಳಿ, ಆಮೇಲೆ ಸೈನು' ಅಂದರು. ಠರಾವನ್ನು ಎರಡು ಸಲ ಓದಿದೆವು. ಅಜ್ಜಿ ನಿಧಾನವಾಗಿ ತಮ್ಮ ಹೆಸರು ಬರೆದರು.

ನೀರಿನ ತೊಟ್ಟಿ ಬರಲು ಒಂದು ವರ್ಷದ ಮೇಲೆ ಹಿಡಿಯಿತು. ಆದರೆ ಬಂತು.

ಒಟ್ಟಾಗಿ ಕೇಳಿದರೆ ಇನ್ನೂ ದೊಡ್ಡದು ಸಿಕ್ಕಿದೆ. 2011ರಲ್ಲಿ ಈ ಬೆಟ್ಟದ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ 20ಕ್ಕೂ ಹೆಚ್ಚು ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಜೇನು, ನೆಲ್ಲಿಕಾಯಿ ತರುವುದು ಕಳ್ಳತನ ಅಲ್ಲ, ಹಕ್ಕು ಅಂತ ಕಾಗದದಲ್ಲಿ ಬಂತು.

ಬಂಧುಗಳೇ, ಮೂರು ಮಾತು ನೆನಪಿಡಿ. ಸಭೆಯ ದಿನ, ಹೊತ್ತು ಇಬ್ಬರೂ ಕೂಡಿ ಗೊತ್ತುಮಾಡಿ. ಓದದೆ ಸೈನು ಹಾಕಬೇಡಿ. ಠರಾವಿನ ಒಂದು ನಕಲು ಪೋಡಿನಲ್ಲೇ ಇಟ್ಟುಕೊಳ್ಳಿ. ಹಕ್ಕಿನ ಅರ್ಜಿ ತಿರಸ್ಕಾರವಾದರೆ 60 ದಿನದೊಳಗೆ ಮೇಲಿನ ಸಮಿತಿಗೆ ಅರ್ಜಿ ಹಾಕಬಹುದು. ಆಗ ಆ ಕಾಗದವೇ ನಿಮಗೆ ಸಾಕ್ಷಿ.

ಪಂಚಾಯಿತಿಯವರು ದೊರೆಗಳಲ್ಲ. ನಾವು ಬೇಡುವವರಲ್ಲ. ಕೂತು ಮಾತಾಡಿದರೆ ಇಬ್ಬರೂ ನೆರೆಹೊರೆಯವರೇ.