ಆಟವನ್ನು ನಿಷೇಧಿಸಿದ ಸರ್ಕಾರ



ಎಳೆಯ ಮಕ್ಕಳ ಆಟ ಮತ್ತು ಕಲಿಕೆಯ ಬಗ್ಗೆ ಮಾತನಾಡಬೇಕೆಂದು ಕೇಳಿದಾಗ ಗೆಳೆಯರೊಬ್ಬರು, ‘ಸದ್ಯ, ಈ ಸಲ ರಾಜಕೀಯವಿಲ್ಲದ ವಿಷಯ’ ಎಂದು ನಿಟ್ಟುಸಿರುಬಿಟ್ಟರು. ಅವರ ನೆಮ್ಮದಿಯನ್ನು ಕೆಡಿಸುವುದರಿಂದಲೇ ಆರಂಭಿಸುತ್ತೇನೆ. 1851ರ ಆಗಸ್ಟ್‌ನಲ್ಲಿ ಪ್ರಷ್ಯದ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಉಣ್ಣೆಯ ಚೆಂಡನ್ನು ಉರುಳಿಸುವ, ಮರದ ತುಂಡುಗಳನ್ನು ಜೋಡಿಸಿ ಕೆಡಹುವ, ಪುಟ್ಟ ಪಾತಿಗಳಲ್ಲಿ ಬೀಜ ಊರುವ ಮಕ್ಕಳ ಶಾಲೆಯ ಮೇಲೆ ಹೊರಿಸಿದ ಆರೋಪ ನಾಸ್ತಿಕತೆ ಮತ್ತು ಸಮಾಜವಾದ!

ಫ್ರೆಡರಿಕ್ ಫ್ರೋಬೆಲ್ ಜರ್ಮನಿಯ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ 1837ರಲ್ಲಿ ಈ ಕೆಲಸ ಆರಂಭಿಸಿದ್ದ. ಮೂರು ವರ್ಷಗಳ ನಂತರ ಅದಕ್ಕೆ ‘ಮಕ್ಕಳ ತೋಟ’ ಎಂಬ ಅರ್ಥದ ಆ ಹೆಸರನ್ನು ಕೊಟ್ಟ. 1848ರ ಕ್ರಾಂತಿಯನ್ನು ಹತ್ತಿಕ್ಕಿದ ಆಳುವವರಿಗೆ ಎಲ್ಲೆಲ್ಲೂ ಬಂಡಾಯವೇ ಕಾಣುತ್ತಿದ್ದ ಕಾಲ ಅದು. ಸಚಿವರು ಫ್ರೋಬೆಲನನ್ನೂ ಅವನ ಅಣ್ಣನ ಮಗ ಕಾರ್ಲನನ್ನೂ ಗೊಂದಲ ಮಾಡಿಕೊಂಡರೆಂದು ಕೆಲವರು ಹೇಳುವುದುಂಟು. ನನಗೆ ಆ ವಿವರಣೆ ಸಾಲದು. ಹೇಳಿದ್ದನ್ನು ಒಪ್ಪಿಸುವ ಬದಲು ತಾನೇ ಕಟ್ಟಿ, ಕೆಡವಿ, ಮತ್ತೆ ಕಟ್ಟುವ ಮಗು ಯಾವ ಸೇನಾಪ್ರಭುತ್ವಕ್ಕೂ ಅನುಕೂಲದ್ದಲ್ಲ. ಮರುವರ್ಷವೇ ಫ್ರೋಬೆಲ್ ತೀರಿಕೊಂಡ. ನಿಷೇಧ ತೆರವಾದದ್ದು 1860ರಲ್ಲಿ.

ಅಷ್ಟರಲ್ಲಿ ಆ ತೋಟದ ಬೀಜ ಸಮುದ್ರ ದಾಟಿತ್ತು. 1856ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ವಾಟರ್‌ಟೌನ್‌ನಲ್ಲಿ ಮಾರ್ಗರೆಟ್ ಶುರ್ಜ್ ಎಂಬ ವಲಸಿಗ ಮಹಿಳೆ ತನ್ನ ಮಗಳನ್ನೂ ಬಂಧುಗಳ ಕೆಲವು ಮಕ್ಕಳನ್ನೂ ಕೂರಿಸಿಕೊಂಡು ಆ ದೇಶದ ಮೊದಲ ಕಿಂಡರ್‌ಗಾರ್ಟನ್ ನಡೆಸಿದಳು, ಜರ್ಮನ್ ಭಾಷೆಯಲ್ಲಿ. ಪರದೇಶದಲ್ಲಿ ಮನೆಮಾತನ್ನು ಮಕ್ಕಳಿಗೆ ಹೇಗೆ ಉಳಿಸಿಕೊಡುವುದೆಂದು ವರ್ಷವಿಡೀ ಚರ್ಚಿಸುವ ನಾವು ಇದನ್ನು ಗಮನಿಸಬೇಕು. ಆಕೆ ಮಕ್ಕಳನ್ನು ಆಟಕ್ಕೆ ಕರೆದಳು, ಭಾಷೆ ಅದರ ಜೊತೆಯಲ್ಲಿ ಬಂತು. ನಾವೋ, ಭಾನುವಾರದ ಕನ್ನಡ ತರಗತಿಯಲ್ಲಿ ನಾಲ್ಕು ವರ್ಷದ ಮಗುವಿಗೆ ವರ್ಣಮಾಲೆ ತಿದ್ದಿಸುತ್ತೇವೆ. ಶನಿವಾರ ಅಬ್ಯಾಕಸ್, ಸಂಜೆ ಫ್ಲ್ಯಾಶ್ ಕಾರ್ಡ್.

ಹಾಗಾದರೆ ಮನೆಯಲ್ಲಿ ಏನಿದೆ? ಅಡುಗೆಮನೆ ಇದೆ. ಒಂದು ಬೋಗುಣಿ ಅಕ್ಕಿ, ಎರಡು ಬೇರೆ ಬೇರೆ ಆಕಾರದ ಲೋಟ ಕೊಟ್ಟು ನೋಡಿ. ಅಗಲ ಲೋಟದ ಅಕ್ಕಿಯನ್ನು ಉದ್ದ ಲೋಟಕ್ಕೆ ಸುರಿದರೆ ನಾಲ್ಕು ವರ್ಷದ ಮಗು ‘ಜಾಸ್ತಿ ಆಯಿತು’ ಎನ್ನುತ್ತದೆ. ಈ ವಯಸ್ಸಿನ ಮಕ್ಕಳು ಎತ್ತರವನ್ನೇ ಪ್ರಮಾಣವೆಂದು ತಿಳಿಯುತ್ತಾರೆಂಬುದನ್ನು ಜೀನ್ ಪಿಯಾಜೆ ಇಂಥ ಸರಳ ಪರೀಕ್ಷೆಗಳಿಂದಲೇ ತೋರಿಸಿದ. ತಿದ್ದಲು ಹೋಗಬೇಡಿ. ಮಗು ಸುರಿಯಲಿ, ಮರಳಿ ಸುರಿಯಲಿ, ಚೆಲ್ಲಲಿ. ‘ಮತ್ತೆ ಅಗಲದ ಲೋಟಕ್ಕೆ ಹಾಕಿದರೆ ಏನಾಗಬಹುದು?’ ಎಂದಷ್ಟೇ ಕೇಳಿ, ಉತ್ತರಕ್ಕೆ ಕಾಯಿರಿ. ನಮ್ಮಂಥವರಿಗೆ ಕಷ್ಟವಾಗುವುದು ಆ ಕಾಯುವಿಕೆಯೇ. ಅವರೆಕಾಯಿ ಸುಲಿಯುವಾಗಲೂ ಹಾಗೆಯೇ: ಎಳೆಯದು, ಬಲಿತದ್ದು, ಹುಳುಕು ಎಂದು ವಿಂಗಡಿಸುವ ಪುಟ್ಟ ಬೆರಳುಗಳು ವರ್ಗೀಕರಣವನ್ನೂ ಅದರ ಪದಗಳನ್ನೂ ಒಟ್ಟಿಗೆ ಕಲಿಯುತ್ತವೆ.

ಸ್ವಲ್ಪ ದೊಡ್ಡವರಾದರೆ ಚೌಕಾಬಾರ. ಸೀಮೆಸುಣ್ಣದಲ್ಲಿ ಐದೈದರ ಮನೆ ಬರೆದರೆ ಸಾಕು. ಕವಡೆ ಇಲ್ಲದಿದ್ದರೆ ಒಂದು ಬದಿ ತೇಯ್ದ ಹುಣಸೆಬೀಜ. ನಾಲ್ಕೂ ಬೋರಲಾಗಿ ಬಿದ್ದರೆ ಎಂಟು ಎಂಬ ವಿಚಿತ್ರ ಲೆಕ್ಕವನ್ನು ಮಕ್ಕಳು ಯಾವ ತಕರಾರೂ ಇಲ್ಲದೆ ಒಪ್ಪಿಕೊಳ್ಳುತ್ತಾರೆ. ನಿಯಮವೆಂದರೆ ಎಲ್ಲರೂ ಕೂಡಿ ಒಪ್ಪಿದ್ದು ಎಂಬ ಅರಿವು ಅಲ್ಲಿಂದಲೇ ಮೊಳೆಯುತ್ತದೆ. ಹಣ್ಣಾಗುವ ಹೊತ್ತಿಗೆ ಕಾಯಿ ಕಡಿಸಿಕೊಂಡ ಮಗು ಅಳುತ್ತದೆ, ಮುನಿಯುತ್ತದೆ, ಮತ್ತೆ ಬಂದು ಕೂರುತ್ತದೆ. ಕೋಲನ್ನು ಕುದುರೆ ಮಾಡಿಕೊಂಡ ಮಗುವಿನ ಬಗ್ಗೆ 1933ರಲ್ಲಿ ಉಪನ್ಯಾಸ ಕೊಟ್ಟ ವೈಗೋಟ್ಸ್ಕಿ ಒತ್ತಿ ಹೇಳಿದ್ದೂ ಇದನ್ನೇ: ಆಟ ಸ್ವೇಚ್ಛೆಯಲ್ಲ, ಅಲ್ಲಿ ಮಗು ತನ್ನ ತಕ್ಷಣದ ಆಸೆಯನ್ನು ತಾನಾಗಿ ತಡೆಯಲು ಕಲಿಯುತ್ತದೆ.

ಆಟ ಪವಿತ್ರವೆಂದು ನಾನು ಹೇಳುತ್ತಿಲ್ಲ. ಅಪ್ಪ ಅಮ್ಮನ ಆಟದಲ್ಲಿ ಯಾರು ಪೇಪರ್ ಓದುತ್ತಾರೆ, ಯಾರು ಪಾತ್ರೆ ತೊಳೆಯುತ್ತಾರೆ, ಯಾರನ್ನು ಬಾಗಿಲ ಹೊರಗೆ ನಿಲ್ಲಿಸಲಾಗುತ್ತದೆ ಎಂಬುದನ್ನು ನೋಡಿ. ನಮ್ಮ ಮನೆಗಳ ಲಿಂಗವೂ ಜಾತಿಯೂ ಅಲ್ಲಿ ಅಚ್ಚೊತ್ತಿರುತ್ತವೆ. ಉಪದೇಶ ಮಾಡುವುದಕ್ಕಿಂತ ಆ ಆಟದೊಳಗೆ ಹೋಗಿ ಅಪ್ಪನೇ ಪಾತ್ರೆ ತೊಳೆಯಲು ಕೂರುವುದು ಒಳ್ಳೆಯದು. ಆಟ ಮುಗಿದ ಮೇಲೂ ತೊಳೆದರೆ ಇನ್ನೂ ಒಳ್ಳೆಯದು.

ಇಷ್ಟಕ್ಕೇ ನಿಲ್ಲಿಸಿದರೆ ಇದು ಬಿಡುವುಳ್ಳವರ ಮಾತಾಗುತ್ತದೆ. ಎರಡು ಪಾಳಿ ದುಡಿಯುವ ತಾಯಿಗೆ, ಮಗುವನ್ನು ಊರಿನಲ್ಲಿ ಬಿಟ್ಟು ಕೊಲ್ಲಿ ದೇಶದಲ್ಲಿ ಪರರ ಮಕ್ಕಳನ್ನು ಆಡಿಸುವ ಹೆಣ್ಣಿಗೆ ಈ ಸಲಹೆಗಳು ಎಲ್ಲಿ ದಕ್ಕುತ್ತವೆ? ತಾರಾಬಾಯಿ ಮೋಡಕ್ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಗಳಲ್ಲಿ ಎದುರಿಸಿದ್ದು ಇದೇ ಪ್ರಶ್ನೆಯನ್ನು. ಆದಿವಾಸಿ ಮಕ್ಕಳು ಶಾಲೆಗೆ ಬರಲಾರದಿದ್ದಾಗ ಅವರು ಶಾಲೆಯನ್ನೇ ಆ ಮಕ್ಕಳ ಅಂಗಳಕ್ಕೆ ಒಯ್ದರು. ದುಬಾರಿ ಮಾಂಟೆಸ್ಸೊರಿ ಸಾಮಗ್ರಿಯ ಬದಲು ಕಲ್ಲು, ಎಲೆ, ಚಿಪ್ಪುಗಳನ್ನು ಬಳಸಿದರು. ಅಂಗನವಾಡಿ ಎಂಬ ಹೆಸರಿನಲ್ಲಿ ಆ ಅಂಗಳ ಇನ್ನೂ ಇದೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದು ಕಾಲಿಟ್ಟದ್ದು ತಿ. ನರಸೀಪುರದಲ್ಲಿ. ಲಕ್ಷಾಂತರ ಮಕ್ಕಳಿಗೆ ಆಟವನ್ನೂ ಊಟವನ್ನೂ ಕೊಡುವ ಆ ಕಾರ್ಯಕರ್ತೆಯರಿಗೆ ಸಿಗುವುದಕ್ಕೆ ಇಂದಿಗೂ ವೇತನವೆಂಬ ಹೆಸರಿಲ್ಲ, ಅದು ‘ಗೌರವಧನ’. 2017ರ ಮಾರ್ಚ್‌ನಲ್ಲಿ ಅವರು ಬೆಂಗಳೂರಿನ ರಸ್ತೆಯ ಮೇಲೆ ರಾತ್ರಿ ಮಲಗಿ ಹೋರಾಡಬೇಕಾಯಿತು.

1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಆಟವನ್ನು ಹಕ್ಕೆಂದು ಘೋಷಿಸಿದೆ. ನಮ್ಮಲ್ಲಿ ಬಹುಮಂದಿ ನೆಲೆಸಿರುವ ಅಮೆರಿಕ ಅದಕ್ಕೆ ಸಹಿ ಹಾಕಿದರೂ ಇನ್ನೂ ಅನುಮೋದಿಸಿಲ್ಲ. ನಾವು ಊರಿನ ಶಾಲೆಗಳಿಗೆಂದು ಹಣ ಕೂಡಿಸುವಾಗ ಕಂಪ್ಯೂಟರ್ ಕೊಳ್ಳುವ ಉತ್ಸಾಹ ಎಲ್ಲರಿಗೂ ಇರುತ್ತದೆ. ಈ ವರ್ಷ ಆ ಪಟ್ಟಿಯಲ್ಲಿ ಅಂಗನವಾಡಿಯ ಅಂಗಳಕ್ಕೊಂದು ನೆರಳಿನ ಚಪ್ಪರವನ್ನೂ, ಆ ಕಾರ್ಯಕರ್ತೆಯರ ಸಂಘಗಳಿಗೆ ನಮ್ಮ ಬಹಿರಂಗ ಬೆಂಬಲವನ್ನೂ ಸೇರಿಸಬೇಕೆಂಬುದು ನನ್ನ ಸೂಚನೆ. ಎರಡನೆಯದಕ್ಕೆ ಆಕ್ಷೇಪ ಬರುತ್ತದೆಂದು ಬಲ್ಲೆ; ಆ ಚರ್ಚೆಯನ್ನು ಈಗಲೇ ಶುರುಮಾಡೋಣ.