ವೈದ್ಯಕಾಲೇಜಿನ ಹೆಸರು ಮತ್ತು ಹುರುಳು



ವೈದ್ಯವಿದ್ಯೆಯ ಪ್ರವೇಶ ಪರೀಕ್ಷೆಯ ಫಲಿತಾಂಶ ಪ್ರಕಟವಾದೊಡನೆ ನಮ್ಮ ಮನೆಗಳಲ್ಲಿ ಏಳುವ ಮೊದಲನೆಯ ಪ್ರಶ್ನೆ, “ಯಾವ ಕಾಲೇಜಿಗೆ ಹೆಸರು ಹೆಚ್ಚು?” ಎಂಬುದು. ತಂದೆಯವರು ಬಲ್ಲವರನ್ನು ವಿಚಾರಿಸುತ್ತಾರೆ. ಮಗನೋ ಮಗಳೋ ಸ್ಥಾನಪಟ್ಟಿಗಳನ್ನು ತಿರುವಿಹಾಕುತ್ತಾರೆ. ದೊಡ್ಡ ಹೆಸರಿಗಾಗಿ ಜಮೀನನ್ನು ಒತ್ತೆಯಿಡಲು ಸಿದ್ಧವಾಗುವ ಸಂಸಾರಗಳೂ ಉಂಟು. ಆದುದರಿಂದ ಈ ಹೆಸರೆಂಬುದು ಏನು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ವಿಚಾರಮಾಡುವುದು ಉಚಿತವಾಗಿದೆ.

ವೈದ್ಯಶಾಲೆಗಳನ್ನು ಒಂದರೊಡನೊಂದು ಹೋಲಿಸಿ ನೋಡಿದವರಲ್ಲಿ ಅಮೆರಿಕದ ಅಬ್ರಹಾಂ ಫ್ಲೆಕ್ಸ್‌ನರ್ ಅವರದು ಪ್ರಸಿದ್ಧವಾದ ಹೆಸರು. ಅವರು ವೈದ್ಯರಲ್ಲ, ಶಾಲಾ ಉಪಾಧ್ಯಾಯರು. ಕಾರ್ನೆಗಿ ಪ್ರತಿಷ್ಠಾನದ ಪರವಾಗಿ ಅಮೆರಿಕ ಮತ್ತು ಕೆನಡಾಗಳಲ್ಲಿದ್ದ 155 ವೈದ್ಯಶಾಲೆಗಳನ್ನು ಪರಿಶೀಲಿಸಿ, 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಅವರು ಹುಡುಕಿದ್ದು ಕೆಲವೇ ಸಂಗತಿಗಳನ್ನು: ಸೇರುವವರಿಗೆ ಬೇಕಾದ ಯೋಗ್ಯತೆ ಏನು? ಉಪಾಧ್ಯಾಯರು ಎಷ್ಟು ಮಂದಿ, ಎಂತಹವರು? ಹಣದ ಅನುಕೂಲ ಹೇಗಿದೆ? ಪ್ರಯೋಗಶಾಲೆಗಳಿವೆಯೆ? ಶಾಲೆಗೂ ಆಸ್ಪತ್ರೆಗೂ ಇರುವ ಸಂಬಂಧವೆಂತಹುದು?

ಒಂದು ಶಾಲೆಯಲ್ಲಿ ಬಾಗಿಲುಗಳ ಮೇಲೆ ಅಂಗರಚನಾಶಾಸ್ತ್ರ, ರೋಗಶಾಸ್ತ್ರ ಎಂಬ ಫಲಕಗಳಿದ್ದುವು. ಆದರೆ ಬಾಗಿಲುಗಳಿಗೆ ಬೀಗ. ಫ್ಲೆಕ್ಸ್‌ನರ್ ಅವರು ಹಿಂದಿರುಗಿದಂತೆ ತೋರಿಸಿಕೊಂಡು, ಮತ್ತೆ ಬಂದು, ಕಾವಲುಗಾರನಿಗೆ ಸ್ವಲ್ಪ ಹಣವನ್ನಿತ್ತು ಕೊಠಡಿಗಳನ್ನು ತೆಗೆಯಿಸಿದರಂತೆ. ಒಳಗೆ ಇದ್ದುದು ಮೇಜು, ಕುರ್ಚಿ, ಸಣ್ಣದೊಂದು ಕಪ್ಪುಹಲಗೆ, ಉಪಕರಣವೆಂಬುದೇ ಇರಲಿಲ್ಲ. ಇದನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಫಲಕವನ್ನು ಓದಿ ತೃಪ್ತರಾಗದೆ ಬಾಗಿಲನ್ನು ತೆಗೆದು ನೋಡಬೇಕು ಎಂಬುದೇ ಇಲ್ಲಿಯ ಪಾಠ.

ಆದರೆ ಹೋಲಿಕೆಗೂ ಒಂದು ಮಿತಿಯುಂಟು. ಆ ವರದಿಯ ತರುವಾಯ ಅನೇಕ ದುರ್ಬಲ ಶಾಲೆಗಳು ಮುಚ್ಚಿದುವು. ಅದರಿಂದ ವಿದ್ಯೆಯ ಮಟ್ಟ ಏರಿತು. ಆಗ ಕರಿಯ ಜನರಿಗಾಗಿ ಇದ್ದ ಏಳು ವೈದ್ಯಶಾಲೆಗಳಲ್ಲಿಯೂ ಹೋವರ್ಡ್ ಮತ್ತು ಮೆಹಾರಿ ಎಂಬ ಎರಡು ಮಾತ್ರ ಉಳಿದುವು. ಬಿಳಿಯರ ಶಾಲೆಗಳಲ್ಲಿ ಹೆಚ್ಚಿನವು ಕರಿಯ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತಿರಲಿಲ್ಲವಾಗಿ, ಅವರಲ್ಲಿ ವೈದ್ಯರಾಗಬಹುದಾಗಿದ್ದವರ ದಾರಿ ಕಿರಿದಾಯಿತು. ಒಂದು ಶಾಲೆ ಯಾರಿಗೆ ಉಪಕರಿಸುತ್ತಿದೆ ಎಂಬುದನ್ನು ಬಿಟ್ಟು ಅಳೆಯುವ ಅಳತೆ ಪೂರ್ಣವಾಗಲಾರದು.

ಇನ್ನು ನಮ್ಮ ದೇಶದ ಮಾತು. ಭಾರತ ಸರ್ಕಾರವು 2018ರಿಂದ ವೈದ್ಯಕಾಲೇಜುಗಳ ಸ್ಥಾನಪಟ್ಟಿಯನ್ನು ಪ್ರಕಟಿಸುತ್ತ ಬಂದಿದೆ. ಅದು ಉಪಯುಕ್ತವಾದುದೇ. ಆದರೆ ಅದರ ಎಣಿಕೆಯಲ್ಲಿ ಸಂಶೋಧನೆಯೂ ಒಂದು ಬಾಬು, ಜನಾಭಿಪ್ರಾಯವೂ ಒಂದು ಬಾಬು. ಸಂಶೋಧನೆ ಶ್ಲಾಘ್ಯವಾದರೂ, ಮೊದಲನೆಯ ವರ್ಷದ ವಿದ್ಯಾರ್ಥಿಗೆ ನಾಡಿ ಹಿಡಿಯುವುದನ್ನು ಅದೇ ಕಲಿಸುವುದಿಲ್ಲ. ಜನಾಭಿಪ್ರಾಯವಾದರೋ, ಹೆಸರೇ ಅಂಕವಾಗಿ, ಆ ಅಂಕವೇ ಮತ್ತೆ ಹೆಸರನ್ನು ಬೆಳೆಸುವ ಬಗೆಯದು.

ಹೆಸರಿನ ನಿಜವಾದ ಬೇರು ಆಸ್ಪತ್ರೆಯಲ್ಲಿದೆ. ಮೈಸೂರು ವೈದ್ಯಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, 1930ರಲ್ಲಿ ಮೈಸೂರಿಗೆ ಬಂದಿತು; ಅಲ್ಲಿಯ ಕೃಷ್ಣರಾಜೇಂದ್ರ ಆಸ್ಪತ್ರೆಯೇ ಅದರ ದೊಡ್ಡ ಪಾಠಶಾಲೆ. ಬೆಂಗಳೂರು ವೈದ್ಯಕಾಲೇಜು ಸ್ಥಾಪಿತವಾದುದು 1955ರಲ್ಲಿ. ಅದರ ವಿದ್ಯಾರ್ಥಿಗಳು ಕಲಿಯುವ ವಿಕ್ಟೋರಿಯಾ ಆಸ್ಪತ್ರೆಯಾದರೋ 1900ರಿಂದ ರೋಗಿಗಳನ್ನು ಕಂಡಿದೆ. ತಲೆಮಾರುಗಳ ವೈದ್ಯರಿಗೆ ಕೈಹಿಡಿದು ಕಲಿಸಿದವರಲ್ಲಿ ಅಲ್ಲಿ ಮಲಗಿದ್ದ ಬಡರೋಗಿಗಳೂ ಸೇರಿದ್ದಾರೆ.

ಆದುದರಿಂದ ಕಾಲೇಜನ್ನು ಆರಿಸುವವರು, ರಾಷ್ಟ್ರೀಯ ವೈದ್ಯ ಆಯೋಗದ ಮನ್ನಣೆಯನ್ನು ಮೊದಲು ಖಚಿತಪಡಿಸಿಕೊಂಡು, ಬಳಿಕ ಸಾಧ್ಯವಾದರೆ ಒಂದು ದಿನ ಬೆಳಗ್ಗೆ ಆಸ್ಪತ್ರೆಗೆ ಹೋಗಲಿ. ಹೊರರೋಗಿಗಳ ಸಾಲು ಎಷ್ಟು ಉದ್ದವಿದೆ? ಹಾಸಿಗೆಗಳ ಸಂಖ್ಯೆ ಇರಲಿ, ಅವುಗಳ ಮೇಲೆ ರೋಗಿಗಳು ಇದ್ದಾರೆಯೆ? ಹಿರಿಯ ವೈದ್ಯರು ಹಾಸಿಗೆಯ ಪಕ್ಕದಲ್ಲಿ ನಿಂತು ಪಾಠ ಹೇಳುತ್ತಾರೆಯೆ? ಒಂದು ಶವವನ್ನು ಎಷ್ಟು ಮಂದಿ ವಿದ್ಯಾರ್ಥಿಗಳು ಹಂಚಿಕೊಂಡು ಕಲಿಯುತ್ತಾರೆ? ಇದನ್ನು ಕಚೇರಿಯವರಿಗಿಂತ ಚೆನ್ನಾಗಿ ಹೇಳಬಲ್ಲವರು, ನಾಲ್ಕೂವರೆ ವರ್ಷಗಳ ಪಾಠ ಮುಗಿಸಿ ಆಸ್ಪತ್ರೆಯಲ್ಲಿ ಒಂದು ವರ್ಷದ ಕೈಕೆಲಸಕ್ಕೆ ನಿಂತಿರುವ ತರುಣ ವೈದ್ಯರು. ಹೆರಿಗೆಗಳಲ್ಲಿ ನೆರವಾಗಿದ್ದೀರಾ, ಗಾಯಗಳಿಗೆ ಹೊಲಿಗೆ ಹಾಕಿದ್ದೀರಾ ಎಂದು ಅವರನ್ನು ಕೇಳಿರಿ.

ಕಡೆಯದಾಗಿ ಸಾಲದ ಮಾತು. ಹೆಸರಿಗಾಗಿ ಹೊತ್ತ ಸಾಲವು ವೈದ್ಯನಾದ ಮೇಲೂ ಬೆನ್ನುಬಿಡದು. ಸಾಲ ತೀರಿಸುವ ಆತುರದಲ್ಲಿರುವವನು ಹಳ್ಳಿಯ ಆಸ್ಪತ್ರೆಯ ಕಡೆಗೆ ಹೇಗೆ ತಾನೆ ಮುಖಮಾಡಿಯಾನು? ಹಾಸಿಗೆಗಳು ತುಂಬಿದ, ಶುಲ್ಕ ಮಿತವಾದ ಹತ್ತಿರದ ಸರ್ಕಾರಿ ಕಾಲೇಜು, ದೂರದ ದೊಡ್ಡ ಹೆಸರಿಗಿಂತ ಹಲವರಿಗೆ ಮೇಲಾದೀತು.

ಮುಂದೊಂದು ದಿನ ನಡುರಾತ್ರಿಯಲ್ಲಿ ಮಗುವನ್ನೆತ್ತಿಕೊಂಡು ಬಂದ ತಾಯಿ, ವೈದ್ಯನು ಎಲ್ಲಿ ಓದಿದನೆಂದು ಕೇಳುವುದಿಲ್ಲ. ಅವನ ಕೈಗೆ ಕೆಲಸ ಗೊತ್ತಿದೆಯೆ ಎಂಬುದೊಂದೇ ಆಗ ಮುಖ್ಯ. ಕಾಲೇಜನ್ನು ಆರಿಸುವಾಗ ಆ ತಾಯಿಯನ್ನೂ ನೆನೆಯಬೇಕೆಂದು ಬಿನ್ನವಿಸಿ, ನನ್ನ ಮಾತನ್ನು ಮುಗಿಸುತ್ತೇನೆ.